ಟೈಮ್‌ಕೀಪರ್ ಸುಂದರ ಕೊಡಿಸಿದ ಸ್ಪೇನಿನ ಕೋಟು

ಲೋಕದ ಯಾವ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದು ಸೂರ್ಯನನ್ನು ಬಿಟ್ಟರೆ ಸುಂದರನಿಗೇ ಗೊತ್ತು! ಇದು ಸುಂದರನದೇ ಹೇಳಿಕೆ. ಸೂರ್ಯ ಈ ಬಗ್ಗೆ ಇದುವರೆಗೆ ಬಾಯಿ ಬಿಟ್ಟಿಲ್ಲ. ಕುವೈತಿನ ರಾಯ್ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಅವನು ಒಂಬತ್ತು ವರ್ಷದಿಂದ ಟೈಮ್‌ಕೀಪರ್. ತಡವಾಗಿ ಬಂದವರ ಹೆಸರಿನ ಮುಂದೆ ಅವನು ಎಳೆಯುವ ಕೆಂಪು ಗೆರೆಗೆ ಹೆದರಿ ಇನ್ನೂರು ಮೆಕ್ಯಾನಿಕ್‌ಗಳು ಕನಸಿನಲ್ಲೂ ಓಡುತ್ತಿದ್ದರಂತೆ.

ತೊಂಬತ್ತರ ಜನವರಿಯಲ್ಲಿ, ಫ್ರಿಜ್ ಕೊಂಡಾಗ ಸಿಕ್ಕ ಕೂಪನ್ನಿಗೆ ಲಕ್ಕಿ ಡ್ರಾ ಹೊಡೆಯಿತು. ಗಂಡ ಹೆಂಡತಿಗೆ ಮೂರು ದಿನ ಸ್ಪೇನಿನ ಮ್ಯಾಡ್ರಿಡ್! ಸುಂದರ ಸ್ಕೇಲು ಹಿಡಿದು, ಎರಡು ಬಣ್ಣದ ಶಾಯಿಯಲ್ಲಿ, ಹಲ್ಲುಜ್ಜುವುದಕ್ಕೂ ನಿಮಿಷ ನಿಗದಿ ಮಾಡಿ ಟೈಮ್‌ಟೇಬಲ್ ಬರೆದ. ಆಮೇಲೆ ಹೆಂಡತಿ ಆಶಾಲತಾ ಸೂಟ್‌ಕೇಸಿಗೆ ತುಂಬಿದ್ದ ಸ್ವೆಟರು, ಶಾಲುಗಳನ್ನೆಲ್ಲ ತೆಗೆದು ಹೊರಗಿಟ್ಟ.

"ಅಲ್ಲಿ ಚಳಿ ಉಂಟಂತೆ ಮಾರಾಯ್ರೇ!"

"ಸ್ಪೇನಿಗೆ ಹೋಗುವವಳು ಕುವೈತಿನ ನಮ್ಮ ಫರ್ವಾನಿಯಾ ಪೇಟೆಯ ಸ್ವೆಟರ್ ಹಾಕುದಾ? ಅಲ್ಲಿಯೇ ಉಣ್ಣೆಯ ಕೋಟು ತೆಗೆದುಕೊಡ್ತೇನೆ. ರಾಣಿಯರು ಹಾಕುವಂಥದ್ದು!"

ಮದುವೆಯಾದ ಮೇಲೆ ಅವನು ತಾನಾಗಿ ಏನಾದರೂ ಕೊಡಿಸುತ್ತೇನೆಂದದ್ದು ಇದೇ ಮೊದಲು. ಆಶಾಲತಾ ವಿಮಾನದಲ್ಲೇ ಆ ಕೋಟನ್ನು ಮನಸ್ಸಿನಲ್ಲಿ ನಾಲ್ಕು ಸಲ ತೊಟ್ಟು ಬಿಚ್ಚಿದಳು.

ಗುರುವಾರ ಸಂಜೆ ಮ್ಯಾಡ್ರಿಡ್ಡಿನಲ್ಲಿ ಇಳಿದರು. ಚಳಿಯೆಂದರೆ, ಸುಂದರನ ಬಾಯಿಂದ ಹೊರಟ "ಅಬ್ಬಾ" ಅರ್ಧ ದಾರಿಯಲ್ಲೇ ಗಡ್ಡೆಕಟ್ಟಿ ನೆಲಕ್ಕೆ ಬಿದ್ದು ಠಣ್ ಎಂದಿತು!

ಮರುದಿನ ಬೆಳಿಗ್ಗೆ ಹೋಟೆಲಿನ ಕಿಟಕಿಯಿಂದ ಆಶಾಲತಾ ಕೂಗಿದಳು.

"ನೋಡಿ ಇಲ್ಲಿ! ಎದುರಿನ ಅಂಗಡಿಯಲ್ಲಿ ಕೆಂಪು ಕೋಟು!"

"ಇವತ್ತು ಶುಕ್ರವಾರ, ರಜೆ. ಮಲಗು," ಎಂದಿತು ಕಂಬಳಿಯ ಮುದ್ದೆ.

"ಜನ ಒಳಗೆ ಹೋಗಿ ಬರ್ತಾ ಇದ್ದಾರೆ!"

"ಕಸ ಗುಡಿಸ್ಲಿಕ್ಕೆ ಬಂದವರು."

"ಕೈಯಲ್ಲಿ ಚೀಲ ಉಂಟು!"

"ಮತ್ತೆ ಕಸವನ್ನು ಕಿಸೆಯಲ್ಲಿ ಹಾಕ್ತಾರಾ?"

ಶನಿವಾರ ಬೆಳಿಗ್ಗೆ ಟೈಮ್‌ಟೇಬಲ್ ಪ್ರಕಾರ ಅರಮನೆ ನೋಡಿ ಬರುವಾಗ ಅಂಗಡಿ ಮುಚ್ಚಿತ್ತು. "ಮಧ್ಯಾಹ್ನದ ಬಿಡುವು. ನಾಲ್ಕಕ್ಕೆ ತೆರೀತಾರೆ," ಎಂದ ಸುಂದರ. ತಂದಿದ್ದ ಐದು ಶರ್ಟುಗಳನ್ನೂ ಒಂದರ ಮೇಲೊಂದು ತೊಟ್ಟು ಅವನು, ಸೀರೆಯ ಮೇಲೆ ಹೋಟೆಲಿನ ಟವೆಲು ಹೊದ್ದು ಅವಳು, ಎದುರಿನ ಬೆಂಚಿನಲ್ಲಿ ಆರರವರೆಗೆ ಕುಳಿತರು. ಶಟರ್ ಅಲುಗಲಿಲ್ಲ. ಅಲುಗಿದ್ದು ಹಲ್ಲುಗಳು ಮಾತ್ರ!

"ಮಾಲೀಕನ ಮನೆಯಲ್ಲಿ ಮದುವೆ ಇರ್ಬೇಕು," ಎಂದ ಸುಂದರ. "ನಾಳೆ ಭಾನುವಾರ. ಲೋಕವೇ ಕೆಲಸಕ್ಕೆ ಹೋಗುವ ದಿನ! ಬಾಗಿಲು ತೆರೆಯುವಾಗ ನಾವೇ ಮೊದಲ ಗಿರಾಕಿ!"

ಭಾನುವಾರ ಇಡೀ ಬೀದಿಯೇ ಮುಚ್ಚಿತ್ತು. ದೂರದಲ್ಲಿ ಗಂಟೆ ಬಾರಿಸಿತು. ಆಶಾಲತಾ ಕಿವಿಗೊಟ್ಟಳು.

"ಇದು ಇಗರ್ಜಿಯ ಗಂಟೆ ಅಲ್ವಾ? ನಮ್ಮ ಮಂಗಳೂರಲ್ಲಿ ಭಾನುವಾರ ಅಂಗಡಿ ತೆರೀತಿತ್ತಾ?"

ಕುವೈತಿನಲ್ಲಿ ಒಂಬತ್ತು ವರ್ಷ ಶುಕ್ರವಾರದ ರಜೆ ಉಂಡು ಕೊಬ್ಬಿದ ಸುಂದರನಿಗೆ ಆಗ ಜ್ಞಾನೋದಯವಾಯಿತು: ಇಲ್ಲಿ ಶುಕ್ರವಾರ ಇಡೀ ದಿನ ವ್ಯಾಪಾರ, ಶನಿವಾರ ಮಧ್ಯಾಹ್ನದವರೆಗೆ ಮಾತ್ರ, ಭಾನುವಾರ ರಜೆ! ಗಾಜಿನ ಹಿಂದೆ ಕೆಂಪು ಕೋಟು ಬೆಚ್ಚಗೆ ನಿಂತಿತ್ತು. ಸಂಜೆಗೆ ವಿಮಾನ!

ದಾರಿಯುದ್ದಕ್ಕೂ ಆಶಾಲತಾ ಮಾತಾಡಲಿಲ್ಲ. ಅವಳ ಮೌನ ಮ್ಯಾಡ್ರಿಡ್ಡಿನ ಚಳಿಗಿಂತ ಹತ್ತು ಡಿಗ್ರಿ ಕೆಳಗಿತ್ತು. ಸೋಮವಾರ ಕುವೈತಿನಲ್ಲಿ ಇಳಿದದ್ದೇ ಸುಂದರ ಟ್ಯಾಕ್ಸಿಗೆ ಹಾರಿದ.

"ಮನೆ ಆಮೇಲೆ! ಮೊದಲು ಕೋಟು! ನಮ್ಮ ಬಿಲ್ಡಿಂಗಿನ ಕೆಳಗೆ ಅಹ್ಮದ್ ಬಾವಾರ ಬಟ್ಟೆ ಅಂಗಡಿ ಇಲ್ವಾ? ಯಲ್ಲಾ ಭಾಯಿ, ಫರ್ವಾನಿಯಾ!"

ಟ್ಯಾಕ್ಸಿ ನಿಂತಿತು. ಬಾವಾರ ಅಂಗಡಿಯ ಶಟರ್ ನೆಲ ಮುಟ್ಟಿತ್ತು. ಗಂಟೆ ಒಂದೂವರೆ. ಊಟ, ನಿದ್ದೆ ಮುಗಿಸಿ ನಾಲ್ಕಕ್ಕೇ ಬಾವಾ ಬಾಗಿಲು ತೆರೆಯುವುದು. ಟೈಮ್‌ಕೀಪರ್ ತನ್ನ ವಾಚನ್ನು ಮೆಲ್ಲನೆ ಅಂಗಿಯ ತೋಳಿನೊಳಗೆ ಅಡಗಿಸಿದ.

ಎರಡು ದಿನದ ಬಳಿಕ ಆಶಾಲತಾ ಬಾಯಿ ತೆರೆದಳು.

"ಮುಚ್ಚಿದ ಅಂಗಡಿ ತೋರಿಸ್ಲಿಕ್ಕೆ ನನ್ನನ್ನು ಸ್ಪೇನಿನವರೆಗೆ ಕರ್ಕೊಂಡು ಹೋಗ್ಬೇಕಿತ್ತಾ? ಮನೆಯ ಕೆಳಗೇ ಇತ್ತಲ್ಲ!"