ಅಪ್ಪನ ಲಾಡ್ಜು, ಅಮ್ಮನ ಪಕ್ಕದ ಜಾಗ

ಫ್ರೀಮೇಸನ್ನರು ಹೊಸಬರನ್ನು ತಮ್ಮ ಸಂಘಕ್ಕೆ ಸೇರಿಸಿಕೊಳ್ಳುವಾಗ ಕಣ್ಣಿಗೆ ಬಟ್ಟೆ ಕಟ್ಟಿ ಮೇಕೆಯ ಮೇಲೆ ಸವಾರಿ ಮಾಡಿಸುತ್ತಾರೆ, ಶಿಲುಬೆಯನ್ನು ತುಳಿಸುತ್ತಾರೆ, ಅಲ್ಲಿ ನಡೆದದ್ದನ್ನು ಅವರು ಸತ್ತರೂ ಬಾಯಿ ಬಿಡುವುದಿಲ್ಲ. ಚಿಕ್ಕಂದಿನಲ್ಲಿ ರಾಜಾಜಿನಗರದ ನಮ್ಮ ಚರ್ಚಿನ ಭಾನುವಾರದ ಶಾಲೆಯಲ್ಲಿ ನಾನು ಕೇಳಿದ ವರ್ಣನೆ ಇದು. ಸತ್ತರೂ ಬಾಯಿ ಬಿಡದವರ ಗುಟ್ಟು ನಮ್ಮ ಟೀಚರಿಗೆ ಹೇಗೆ ಗೊತ್ತಾಯಿತು ಎಂಬ ಅನುಮಾನ ನನಗೆ ಆಗಲೇ ಬಂದಿತ್ತು. ಆದರೆ ಕೇಳಲಿಲ್ಲ. ಏಕೆಂದರೆ ನಮ್ಮ ಅಪ್ಪನೇ ಫ್ರೀಮೇಸನ್.

ಗಾರೆ ಕೆಲಸದ ಹತಾರಗಳನ್ನು ನೀತಿಯ ಸಂಕೇತವಾಗಿ ಇಟ್ಟುಕೊಂಡು, ಬಾಗಿಲು ಹಾಕಿಕೊಂಡು, ಹೊರಗೊಬ್ಬ ಕಾವಲಿನವನನ್ನು ನಿಲ್ಲಿಸಿ ಸಭೆ ಸೇರುವ ಗಂಡಸರ ಸಂಘವದು. ಅವರ ಸಭೆಗೆ ಲಾಡ್ಜು ಎನ್ನುತ್ತಾರೆ. ಕ್ರೈಸ್ತನಾದವನು ಅದರಲ್ಲಿರಬಹುದೇ ಎಂಬ ಪ್ರಶ್ನೆಗೆ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನವರಲ್ಲಿ, ಉತ್ತರ ಗೊತ್ತಿಲ್ಲದವರನ್ನು ನಾನು ಕಂಡಿಲ್ಲ. ಪ್ರಶ್ನೆ ಅರ್ಥವಾದವರನ್ನೂ ಹೆಚ್ಚು ಕಂಡಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಎಂದೂ ಬರವಿರಲಿಲ್ಲ. ನೆನೆದರೆ ನಗು ಬರುತ್ತದೆ. ನಗು ಮುಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ ಮಾತ್ರ ಬೇರೆ.

ಮೇಕೆ

ಅಪ್ಪ ತಿಂಗಳಿಗೊಂದು ಶನಿವಾರ ಕಪ್ಪು ಸೂಟು ತೊಟ್ಟು, ಚಿಕ್ಕದೊಂದು ಚರ್ಮದ ಪೆಟ್ಟಿಗೆ ಹಿಡಿದು ಹೊರಡುತ್ತಿದ್ದರು. ಮರುದಿನ ಬೆಳಿಗ್ಗೆ ನಾನೂ ನನ್ನ ತಮ್ಮನೂ ಅವರ ಪ್ಯಾಂಟನ್ನು ಬಿಸಿಲಿಗೆ ಹಿಡಿದು ಮೇಕೆಯ ಕೂದಲು ಹುಡುಕುತ್ತಿದ್ದೆವು. ಒಂದೂ ಸಿಗಲಿಲ್ಲ. ಲಾಡ್ಜು ಇರುವುದು ಮಹಡಿಯ ಮೇಲೆ ಎಂದು ತಿಳಿದ ಮೇಲೆ ನನ್ನ ಅನುಮಾನ ಇನ್ನೂ ಹೆಚ್ಚಿತು: ಮೇಕೆ ಹತ್ತುವುದೇನೋ ಸರಿ, ಸೂಟು ತೊಟ್ಟವರನ್ನು ಹೊತ್ತು ಇಳಿಯುವುದು ಹೇಗೆ?

ಕೊನೆಗೆ ಧೈರ್ಯ ಮಾಡಿ ಕೇಳಿದೆ. "ಅಪ್ಪಾ, ಲಾಡ್ಜಲ್ಲಿ ನಿಜವಾಗ್ಲೂ ಮೇಕೆ ಇರುತ್ತಾ?"

"ಇರುತ್ತಮ್ಮ."

ನನ್ನ ತಮ್ಮ ಅಳಲು ಶುರು ಮಾಡಿದ. ನಾನು, "ಎಲ್ಲಿ?" ಎಂದೆ.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಬಿರಿಯಾನೀಲಿ. ಮೀಟಿಂಗ್ ಮುಗಿದ ಮೇಲೆ."

ಇಸ್ತ್ರಿಗೆ ಹೋದ ಏಪ್ರನ್

ಆ ಪೆಟ್ಟಿಗೆಯಲ್ಲಿ ಇದ್ದದ್ದು ತಲೆಬುರುಡೆಯಲ್ಲ. ಒಂದು ಜೊತೆ ಬಿಳಿಯ ಕೈಗವಸು ಮತ್ತು ನೀಲಿ ಅಂಚಿನ ಬಿಳಿಯ ಏಪ್ರನ್. ಗಾರೆಯವರು ಸೊಂಟಕ್ಕೆ ಕಟ್ಟುತ್ತಿದ್ದ ಬಟ್ಟೆಯ ನೆನಪಿಗೆ ಲಾಡ್ಜಿನಲ್ಲಿ ಎಲ್ಲರೂ ಅದನ್ನು ಕಟ್ಟಿಕೊಳ್ಳುತ್ತಾರೆ. ನಾವು ಚಂದ್ರಾ ಲೇಔಟಿನಲ್ಲಿ ಮನೆ ಕಟ್ಟಿಕೊಂಡು ಬಂದ ವರ್ಷ ಅಮ್ಮ ಅದನ್ನು ಮರೆತು ಇಸ್ತ್ರಿಯವನಿಗೆ ಹಾಕಿದರು. ಇಸ್ತ್ರಿಯವನು ಅದನ್ನು ಪಕ್ಕದ ಮನೆಗೆ ಕೊಟ್ಟ.

ಪಕ್ಕದ ಮನೆಯವರು ದಾವಣಗೆರೆ ಕಡೆಯವರು, ಒಳ್ಳೆಯ ಜನ. ಆ ಮನೆಯ ಆಂಟಿ ಏಪ್ರನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. "ಏನ್ರೀ, ಯಜಮಾನ್ರು ಕೇಟರಿಂಗ್ ಶುರು ಮಾಡ್ಯಾರಂತೆ? ನಮಗ ಹೇಳೇ ಇಲ್ಲಲ್ಲ!"

ಲಾಡ್ಜಿನ ವಿಷಯ ಹೊರಗೆ ಆಡಬಾರದೆಂದು ಅಪ್ಪನ ಕಟ್ಟಪ್ಪಣೆ. ಅಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಎರಡರ ನಡುವೆ ಸಿಕ್ಕಿ, "ಹೂಂ, ಸಣ್ಣದಾಗಿ," ಎಂದುಬಿಟ್ಟರು.

ಆಂಟಿಯ ಮುಖ ಅರಳಿತು, ಮರುಕ್ಷಣ ಬಾಡಿತು. "ನಮ್ಮ ಮೊಮ್ಮಗಳ ನಾಮಕರಣದ ಅಡುಗಿ ನಿಮಗೇ ಒಪ್ಪಿಸ್ತಿದ್ವಿ ನೋಡ್ರಿ. ನಂದೇನೂ ಇಲ್ಲ. ನಮ್ಮತ್ತಿ ಸ್ವಲ್ಪ ಹಳೇ ಕಾಲದವರು. ನೀವು ಕ್ರಿಶ್ಚಿಯನ್ನರು... ತಪ್ಪು ತಿಳ್ಕೋಬ್ಯಾಡ್ರಿ."

ಸಂಜೆ ಅಮ್ಮ ಇದನ್ನು ಹೇಳಿದಾಗ ಅಪ್ಪ ಏಪ್ರನ್ನನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. "ಬಿಡು. ಇಲ್ಲದ ಕೇಟರಿಂಗಿಗೂ ಜಾತಿ ಇದೆ."

ಬಾಗಿಲ ಹಿಂದಿನ ಕೈವಾರ

ಅಮ್ಮ ತೀರಿಕೊಂಡರು. ಮೈಸೂರು ರಸ್ತೆಯಲ್ಲಿರುವ ನಮ್ಮ ಸಭೆಯ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದೆವು. ಪಕ್ಕದಲ್ಲಿ ಅಪ್ಪನಿಗೆಂದು ಜಾಗ ಬಿಡಿಸಿದ್ದೆವು. ಎದುರಿಗೆ ನಮ್ಮ ಸಭೆಯನ್ನು ಕಟ್ಟಿದ ಹಿರಿಯ ಪಾದ್ರಿಯ ಸಮಾಧಿ. ಅದರ ನಿಲುಗಲ್ಲಿನ ಮೇಲೆ ಏನೋ ಹತಾರ ಕೊರೆದಿದೆ. ಕರ್ತನಾದ ಯೇಸು ಬಡಗಿಯ ಮನೆಯಲ್ಲಿ ಬೆಳೆದವನಾದ್ದರಿಂದ ಅವು ಬಡಗಿಯ ಹತಾರಗಳೆಂದು ಭಾನುವಾರದ ಶಾಲೆಯಲ್ಲಿ ಕಲಿಸಿದ್ದರು. ವರ್ಷ ವರ್ಷವೂ ಸುಣ್ಣ ಬಳಿದು ಬಳಿದು ಅವು ಗರಗಸವೋ ಉಳಿಯೋ ತಿಳಿಯದಂತಾಗಿದ್ದವು.

ಆಮೇಲೆ ಸಭೆಗೆ ಹೊಸ ಪಾಸ್ಟರು ಬಂದರು. ಫ್ರೀಮೇಸನ್ನರ ಬಗ್ಗೆ ಯೂಟ್ಯೂಬಿನಲ್ಲಿರುವುದನ್ನೆಲ್ಲ ನೋಡಿದ್ದರು. ಮೂರು ಭಾನುವಾರ ಅದನ್ನೇ ಬೋಧಿಸಿ, ನಾಲ್ಕನೆಯ ವಾರ ಅಪ್ಪನನ್ನು ತಿದ್ದಲು ನಮ್ಮ ಮನೆಗೆ ಬಂದರು. ಕಾಫಿ ಲೋಟ ಬಾಯಿಗೆ ಹೋಗುವ ಮುನ್ನ ಅವರ ಕಣ್ಣು ಬಾಗಿಲ ಹಿಂದಕ್ಕೆ ಹೋಯಿತು. ಅಲ್ಲಿ ಮೊಣಕಾಲೆತ್ತರದ ಮರದ ಕೈವಾರ ಮತ್ತು ಮೂಲೆಮಟ್ಟ ನಿಂತಿದ್ದವು. ಫ್ರೀಮೇಸನ್ನರ ಗುರುತು ಅವೇ ಎರಡು.

ಪಾಸ್ಟರು ಲೋಟ ಇಟ್ಟು ಎದ್ದು ನಿಂತರು. ಕೈ ಚಾಚಿ, ಕಣ್ಣು ಮುಚ್ಚಿ, "ಈ ಮನೆಯನ್ನು ಹಿಡಿದಿರುವ ಶಕ್ತಿಯೇ, ತೊಲಗು!" ಎಂದರು.

"ಅಯ್ಯನವರೇ," ಎಂದೆ, "ಅವು ನನ್ನವು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡ್ತೀನಿ. ಬೋರ್ಡಿನ ಮೇಲೆ ವೃತ್ತ, ಲಂಬಕೋನ ಎಳೆಯೋದಕ್ಕೆ."

ಅವರು ಒಂದು ಕಣ್ಣು ತೆರೆದರು. "ಯಾವ ಕ್ಲಾಸಮ್ಮ?"

"ಹತ್ತನೇ ಕ್ಲಾಸು."

"ಇರಲಿ. ಶುರು ಮಾಡಿದ ಪ್ರಾರ್ಥನೆ ನಿಲ್ಲಿಸಬಾರದು." ಮುಗಿಸಿಯೇ ಕುಳಿತರು.

ಆ ವರ್ಷ ನಮ್ಮ ಶಾಲೆಯ ಗಣಿತದ ಫಲಿತಾಂಶ ಹಿಂದೆಂದೂ ಇಲ್ಲದಷ್ಟು ಕುಸಿಯಿತು.

ಗೌಡರ ಬಿಪಿ

ಪಾಸ್ಟರ ವಾದವನ್ನು ನಾನು ತಳ್ಳಿಹಾಕಿದೆನೆಂದು ತಿಳಿಯಬಾರದು. ಮೇಕೆಯನ್ನು ಬದಿಗಿಟ್ಟರೆ ಅದರಲ್ಲಿ ತೂಕವಿತ್ತು. ಲಾಡ್ಜಿನಲ್ಲಿ ದೇವರನ್ನು ವಿಶ್ವದ ಮಹಾಶಿಲ್ಪಿ ಎಂದು ಕರೆದು ಪ್ರಾರ್ಥಿಸುತ್ತಾರೆ. ಯೇಸುವಿನ ಹೆಸರು ಎತ್ತುವುದಿಲ್ಲ. ಧರ್ಮಗ್ರಂಥದ ಮೇಲೆ ಕೈಯಿಟ್ಟು ಗುಟ್ಟು ಕಾಯುವ ಪ್ರಮಾಣ ಮಾಡುತ್ತಾರೆ. ಆದರೆ ಕರ್ತನ ಬೋಧನೆ ಆಣೆಯನ್ನೇ ಇಡಬಾರದು ಎನ್ನುತ್ತದೆ. ಪಾಸ್ಟರು ಹೋದ ಮೇಲೆ ನಾನು ಇದನ್ನೇ ಅಪ್ಪನ ಮುಂದಿಟ್ಟೆ.

"ಅಲ್ಲಿ ಯೇಸುವಿನ ಹೆಸರಲ್ಲಿ ಪ್ರಾರ್ಥನೆ ಮಾಡಲ್ಲ ಅನ್ನೋದು ನಿಜಾನಾ ಅಪ್ಪ?"

"ನಿಜ."

"ಯಾಕೆ?"

"ಪಕ್ಕದಲ್ಲಿ ನಮ್ಮ ಗೌಡ್ರು ಕೂತಿರ್ತಾರೆ. ಆ ಕಡೆ ಒಬ್ಬರು ಸಾಬರು. ಒಬ್ಬರ ದೇವರ ಹೆಸರು ಇನ್ನೊಬ್ಬರಿಗೆ ಚುಚ್ಚಬಾರದು ಅಂತ."

ಗೌಡರು ಮಾರೇನಹಳ್ಳಿಯವರು, ಅಪ್ಪನನ್ನು ಲಾಡ್ಜಿಗೆ ಕರೆದೊಯ್ದ ಗೆಳೆಯರು. ಅಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೊದಲಿಗರು. ಆದರೂ ನಾನು ಬಿಡಲಿಲ್ಲ. "ಗೌಡ್ರಿಗೆ ಬೇಜಾರಾಗಬಾರದು ಅಂತ ಕರ್ತನಿಗೆ ಬೇಜಾರು ಮಾಡಬಹುದಾ?"

ಅಪ್ಪ ಪಾಸ್ಟರು ಬಿಟ್ಟುಹೋದ ಕಾಫಿ ಲೋಟ ಎತ್ತಿಕೊಂಡರು. "ಕರ್ತನಿಗೆ ತಾಳ್ಮೆ ಇದೆ ಕಣಮ್ಮ. ಗೌಡ್ರಿಗೆ ಬಿಪಿ."

ಟ್ರಾಫಿಕ್ಕು

ಅಪ್ಪನ ವಿಷಯ ತೀರ್ಮಾನಿಸಲು ಸಭಾ ಸಮಿತಿ ಒಂದು ಭಾನುವಾರ ಸಂಜೆ ಐದಕ್ಕೆ ಸೇರುವುದೆಂದು ಗೊತ್ತಾಯಿತು. ಸಮಿತಿಯ ಕಾರ್ಯದರ್ಶಿ ಮಧ್ಯಾಹ್ನವೇ ಎಲ್ಲರಿಗೂ ಫೋನು ಮಾಡಿ ಸಭೆಯನ್ನು ಮೂರೂವರೆಗೆ ತಂದರು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ ಎಂಬುದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು.

"ಯಾಕೆ ಸಾರ್ ಮುಂಚೆ?" ಎಂದು ಕೇಳಿದೆ.

"ಟ್ರಾಫಿಕ್ಕಮ್ಮ. ಮಾಗಡಿ ರೋಡು ಗೊತ್ತಲ್ಲ."

ಬ್ಯಾಡರಹಳ್ಳಿಯಲ್ಲಿ ಅವರು ಕಟ್ಟಿಸಿದ ಹೊಸ ಮನೆಯ ಮುಂದೆ, ಶಿಲುಬೆಯ ಕೆಳಗೇ, ದೃಷ್ಟಿಗೆಂದು ಬೂದುಗುಂಬಳಕಾಯಿ ತೂಗುತ್ತದೆ. ಸಭೆಯಲ್ಲಿ ಅಪ್ಪ ಮೃದುವಾಗಿ ಅದನ್ನು ನೆನಪಿಸಿದರು. ಕಾರ್ಯದರ್ಶಿ ಸಿಡುಕಿದರು. "ಅದು ನಮ್ಮ ನಾಡಿನ ಪದ್ಧತಿ ಸಾರ್, ಧರ್ಮ ಅಲ್ಲ!"

"ಲಾಡ್ಜೂ ಧರ್ಮ ಅಲ್ಲ ಅಂತ ಅರ್ಧ ಗಂಟೆಯಿಂದ ಹೇಳ್ತಾ ಇದೀನಲ್ಲಪ್ಪ," ಎಂದರು ಅಪ್ಪ.

ತೀರ್ಮಾನ ಹೀಗಿತ್ತು: ಅಪ್ಪ ಲಾಡ್ಜನ್ನು ಬಿಡಬೇಕು. ಬಿಡುವವರೆಗೆ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ಬಿಡದೆ ಸತ್ತರೆ ಸಭೆಯ ಸ್ಮಶಾನದಲ್ಲಿ ಅಮ್ಮನ ಪಕ್ಕದ ಜಾಗವೂ ಇಲ್ಲ. ಅಪ್ಪ ಎದ್ದು, "ಕೊಟ್ಟ ಮಾತು ಹಿಂದಕ್ಕೆ ತಗೊಳ್ಳೋದು ನನಗೆ ಬರಲ್ಲ. ಪಕ್ಕದಲ್ಲೇ ಮಲಗ್ತೀನಿ ಅಂತ ಅವಳಿಗೂ ಮಾತು ಕೊಟ್ಟಿದ್ದೆ," ಎಂದಷ್ಟೇ ಹೇಳಿ ಕುಳಿತರು. ಕಾರ್ಯದರ್ಶಿ ಗಡಿಯಾರ ನೋಡಿದರು.

ಹಳೆಯ ಸದಸ್ಯನೊಬ್ಬನನ್ನು ರಾಹು ಬರುವ ಮೊದಲೇ ಹೊರಗೆ ಹಾಕಿ, ಎಲ್ಲರೂ ಟ್ರಾಫಿಕ್ಕಿಲ್ಲದ ಹೊತ್ತಿನಲ್ಲಿ ಮನೆ ಸೇರಿದರು.

ಬಡಗಿಯ ಹತಾರ

ಪ್ರತಿ ವರ್ಷ ಸಭೆಯವರೆಲ್ಲ ಹಿರಿಯ ಪಾದ್ರಿಯ ಸಮಾಧಿಗೆ ಹೂವಿಟ್ಟು ಪ್ರಾರ್ಥಿಸುವ ವಾಡಿಕೆ ಇದೆ. ಆ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರು, ನಾನೊಬ್ಬಳೇ ಹೋದೆ. ಪಾಸ್ಟರು ನಿಲುಗಲ್ಲಿನ ಮೇಲೆ ಕೈಯಿಟ್ಟು ಹೇಳಿದರು: "ಈ ಪವಿತ್ರ ಭೂಮಿಯಲ್ಲಿ ಒಬ್ಬ ಫ್ರೀಮೇಸನ್ನನೂ ಮಲಗಿಲ್ಲ. ನಾನಿರುವವರೆಗೆ ಮಲಗುವುದೂ ಇಲ್ಲ."

ನಾನು ಅವರ ಕೈಯ ಕೆಳಗಿನ ಹತಾರವನ್ನೇ ನೋಡುತ್ತಿದ್ದೆ. ಮೇಲೆ ಕೂಡಿಕೊಂಡು ಕೆಳಗೆ ಅಗಲವಾಗುವ ಎರಡು ಕಾಲು. ಗರಗಸಕ್ಕೆ ಕಾಲಿರುವುದಿಲ್ಲ.

ಮರುದಿನ ಬೆಳಿಗ್ಗೆ ತೆಂಗಿನ ನಾರು, ಒಂದು ಬಕೆಟ್ ನೀರು, ಹಳೆಯ ದೋಸೆ ಮೊಗಚುವ ಕೈ ತೆಗೆದುಕೊಂಡು ಹೋದೆ. ಸುಣ್ಣ ಪದರ ಪದರವಾಗಿ ಎದ್ದಿತು. ಕೆಳಗಿದ್ದದ್ದು ಕೈವಾರ, ಅದಕ್ಕೆ ಅಡ್ಡಲಾಗಿ ಮೂಲೆಮಟ್ಟ. ಅಪ್ಪನ ಏಪ್ರನ್ನಿನ ಪೆಟ್ಟಿಗೆಯ ಮೇಲಿದ್ದದ್ದೂ ಅದೇ ಗುರುತು. ಕಲ್ಲಿನ ಬುಡದ ಮಣ್ಣು ಸರಿಸಿದಾಗ ಇಂಗ್ಲಿಷಿನಲ್ಲಿ ಕೊರೆದ ಕೊನೆಯ ಸಾಲು ಕಂಡಿತು. ಅವರ ಲಾಡ್ಜಿನ ಸಹೋದರರು ಪ್ರೀತಿಯಿಂದ ನಿಲ್ಲಿಸಿದ ಕಲ್ಲು ಎಂದು ಅದರ ಅರ್ಥ.

ಮೊಬೈಲಿನಲ್ಲಿ ಫೋಟೋ ತೆಗೆದು ಪಾಸ್ಟರಿಗೆ ತೋರಿಸಿದೆ. ಅವರು ಅದನ್ನು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡಿದರು. "ಆಮೇಲೆ ಅವರು ಪಶ್ಚಾತ್ತಾಪ ಪಟ್ಟಿರಬಹುದಮ್ಮ."

"ಸಮಾಧಿ ಕಲ್ಲು ನಿಲ್ಲಿಸಿದ ಮೇಲಾ ಅಯ್ಯನವರೇ?"

ಆ ವಾರವೇ ನನ್ನನ್ನು ಸಮಿತಿಯ ಕೋಣೆಗೆ ಕರೆಸಿದರು. ಬಾಗಿಲು ಮುಚ್ಚಿದರು. ಹೊರಗೆ ಕಾವಲುಗಾರನನ್ನು ನಿಲ್ಲಿಸಿದರು. ಕಾರ್ಯದರ್ಶಿ ತಗ್ಗಿದ ದನಿಯಲ್ಲಿ ಹೇಳಿದರು: ಅಪ್ಪನಿಗೆ ಜಾಗ ಕೊಡಲು ಅಡ್ಡಿಯಿಲ್ಲ, ಆದರೆ ಕಲ್ಲಿನ ವಿಷಯ ನಮ್ಮ ನಮ್ಮಲ್ಲೇ ಇರಬೇಕು. ಪಾಸ್ಟರು ಬೈಬಲ್ಲನ್ನು ನನ್ನತ್ತ ಸರಿಸಿದರು. "ಯಾರಿಗೂ ಹೇಳಲ್ಲ ಅಂತ ಇದರ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಬಿಡಮ್ಮ."

"ಆಣೆ ಇಡಬಾರದು ಅಂತ ನೀವೇ ಮೂರು ವಾರ ಬೋಧಿಸಿದ್ದೀರಲ್ಲ," ಎಂದೆ. ಇಡಲಿಲ್ಲ. ಇಡದಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಜಾಗ ಕೊಡದಿದ್ದರೆ ನಾನು ಕಲ್ಲಿನ ವಿಷಯ ಊರಿಗೆಲ್ಲ ಸಾರಿಬಿಡುವೆನೆಂದು ಹೆದರಿದರೋ ಏನೋ, ಆದರೂ ಜಾಗ ಕೊಟ್ಟರು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ದಿಂಬಿಗೆ ಒರಗಿಕೊಂಡೇ ವಿಚಾರಣೆ ನಡೆಸಿದರು.

"ಬಾಗಿಲು ಹಾಕಿದ್ರಾ?"

"ಹಾಕಿದ್ರು."

"ಹೊರಗೆ ಒಬ್ಬನ್ನ ಕಾವಲು ನಿಲ್ಲಿಸಿದ್ರಾ?"

"ನಿಲ್ಲಿಸಿದ್ರು."

"ಬೈಬಲ್ ಮೇಲೆ ಕೈಯಿಟ್ಟು ಗುಟ್ಟು ಕಾಯ್ತೀನಿ ಅನ್ನು ಅಂದ್ರಾ?"

"ಅಂದ್ರು."

"ಏಪ್ರನ್ನು?"

"ಇರಲಿಲ್ಲ."

"ಹಂಗಾದ್ರೆ ಇನ್ನೂ ಸ್ವಲ್ಪ ಕಲೀಬೇಕು," ಎಂದು ಕೆಮ್ಮಿ ಕೆಮ್ಮಿ ನಕ್ಕರು.

ನಗು ನಿಂತ ಮೇಲೆ ಕೇಳಿದೆ. "ಅಪ್ಪಾ, ಆ ಕಲ್ಲಿನ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?"

"ನಾನು ಸೇರಿದ ವರ್ಷದಿಂದ ಗೊತ್ತು."

"ಹಂಗಿದ್ರೆ ಸಮಿತಿ ಮುಂದೆ ಯಾಕೆ ಹೇಳಲಿಲ್ಲ? ಅಮ್ಮನ ಪಕ್ಕದ ಜಾಗವೇ ಹೋಗ್ತಿತ್ತಲ್ಲ!"

"ಅದು ಅವರ ಗುಟ್ಟಮ್ಮ. ಸತ್ತೋರು ಹೇಳ್ಕೊಂಡಿಲ್ಲ. ನಾನು ಹೇಳೋಕೆ ಯಾರು?"

ಭಾನುವಾರದ ಶಾಲೆಯಲ್ಲಿ ಕೇಳಿದ್ದರಲ್ಲಿ, ಸತ್ತರೂ ಬಾಯಿ ಬಿಡುವುದಿಲ್ಲ ಎಂಬುದೊಂದು ನಿಜವಾಗಿತ್ತು.

ಮಳೆಗಾಲಕ್ಕೆ ಮೊದಲು ಅಪ್ಪನನ್ನು ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದೆವು. ಗೌಡರು ಬಿಪಿ ಮಾತ್ರೆ ನುಂಗಿ ಬಂದು ಹೆಗಲು ಕೊಟ್ಟರು. ಪಾಸ್ಟರು ಚೆನ್ನಾಗಿಯೇ ಪ್ರಾರ್ಥಿಸಿದರು. ಎದುರಿನ ಕಲ್ಲಿನತ್ತ ಮಾತ್ರ ತಿರುಗಲಿಲ್ಲ. ಅಪ್ಪನ ತಿಂಗಳ ಪ್ರಾರ್ಥನೆಗೆ ಹೋದಾಗ ಆ ಕಲ್ಲಿನ ಗುರುತೇ ಕಾಣಲಿಲ್ಲ. ಹಿರಿಯ ಪಾದ್ರಿಯ ಸಮಾಧಿಯನ್ನು ಸಮಿತಿ ಅಭಿವೃದ್ಧಿಪಡಿಸಿತ್ತು. ಕೊನೆಯ ಸಾಲು ಮುಚ್ಚುವವರೆಗೆ ಸಿಮೆಂಟು ಏರಿಸಿ, ಕೈವಾರ ಮತ್ತು ಮೂಲೆಮಟ್ಟದ ಮೇಲೆ ಹೊಳೆಯುವ ಟೈಲ್ಸು ಕೂರಿಸಿ, ಅದರ ಮೇಲೊಂದು ಶಿಲುಬೆ ಅಂಟಿಸಿದ್ದರು.

ಕೆಲಸ ನೇರವಾಗಿದೆ ಅನ್ನಿಸಲಿಲ್ಲ. ಮರುದಿನ ಶಾಲೆ ಮುಗಿಸಿ ಮನೆಗೆ ಬಂದು, ಬಾಗಿಲ ಹಿಂದಿನ ಮೂಲೆಮಟ್ಟವನ್ನು ಸ್ಮಶಾನಕ್ಕೆ ಒಯ್ದು, ಟೈಲ್ಸಿನ ನಾಲ್ಕೂ ಮೂಲೆಗೆ ಇಟ್ಟು ನೋಡಿದೆ.

ಒಂದೂ ತೊಂಬತ್ತು ಡಿಗ್ರಿ ಇರಲಿಲ್ಲ.