ಅತ್ತೆಯವರು ಎಳೆದ ಎರಡು ಗೆರೆ

ದೋಣಿ ತಪಾಸಣೆ ಮಾಡುವವನಿಗೆ ಈಜು ಬರಬೇಕು ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಬಾಗಲಕೋಟೆಯ ಸುತ್ತ ಘಟಪ್ರಭೆಯ ಹಿನ್ನೀರಿನಲ್ಲಿ ಓಡಾಡುವ ದೋಣಿಗಳಿಗೆ ಎಲ್ಲಿ ಜಂಗು ಹಿಡಿದಿದೆ, ಎಲ್ಲಿ ಸೋರುತ್ತದೆ, ಮಷಿನ್ನು ಸರಿಯಾಗಿದೆಯೋ ಇಲ್ಲವೋ, ಎಷ್ಟು ಜನರನ್ನು ಹೊತ್ತು ಆಚೆ ದಂಡೆ ಮುಟ್ಟಬಲ್ಲದು ಎಂದು ನೋಡಿ ಪಾಸು ಮಾಡುವುದು ನನ್ನ ನೌಕರಿ. ಇದನ್ನು ಕೇಳಿದವರೆಲ್ಲ ನನ್ನನ್ನು ಮೀನಿನ ತಮ್ಮನೆಂದು ತಿಳಿಯುತ್ತಾರೆ. "ನಿಮಗೇನ್ ಬಿಡ್ರಿ, ಹೊಳಿ ಅಂದ್ರ ಮನಿ ಅಂಗಳ ಇದ್ದಂಗ" ಎನ್ನುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಈಜು ಬರುವುದಿಲ್ಲ, ಮೊಣಕಾಲು ಮೀರಿದ ನೀರು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿ ಶಾಂತಾಳಿಗೆ ಮಾತ್ರ.

ಗುಟ್ಟು ಕಾಯುವುದಕ್ಕೂ ಒಂದು ಜಾಣತನ ಬೇಕು. ಹಿಂದೊಮ್ಮೆ ಬಂಧುಬಳಗ ಸೇರಿ ಶಿವಯೋಗ ಮಂದಿರಕ್ಕೆ ಹೋಗಿದ್ದೆವು. ಎಲ್ಲರೂ ಮಲಪ್ರಭೆಗಿಳಿದು ಸ್ನಾನ ಮಾಡಿದರು. ನಾನೊಬ್ಬನೇ ದಂಡೆಯ ಮೇಲೆ ಕುಳಿತು ಅವರ ಚಪ್ಪಲಿ, ಕೈಗಡಿಯಾರ, ಮೊಬೈಲು ಕಾದೆ. ಅಂದಿನಿಂದ ಶಾಂತಾಳ ತವರಿನಲ್ಲಿ ನನಗೆ ಭಾರೀ ಹೆಸರು. "ನಮ್ಮ ಅಳಿಯಂದ್ರ ಸ್ವಭಾವ ನೋಡ್ರಿ, ತಮ್ಮ ಜಳಕ ಬಿಟ್ಟು ಮಂದಿ ಸಾಮಾನು ಕಾಯ್ತಾರ" ಎಂದು ಅತ್ತೆಯವರು ಇಳಕಲ್ಲಿನ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಹೊಗಳಿಕೆ ಬೇಡ ಎನ್ನುವಷ್ಟು ಪ್ರಾಮಾಣಿಕ ನಾನಲ್ಲ.

ಶಾಂತಾಳ ತಂಗಿ ಗಿರಿಜಾಳನ್ನು ಕೊಟ್ಟದ್ದು ಹಿನ್ನೀರಿನ ಆಚೆ ದಂಡೆಯ ಒಂದು ಊರಿಗೆ. ಆಕೆ ಬಸುರಿಯಾದಳು. ತವರಿನವರು ಹೋಗಿ ಕುಬಸ ಮಾಡಬೇಕು: ಹೊಸ ಸೀರೆ ಉಡಿಸಿ, ಉಡಿ ತುಂಬಿ, ಬಯಕೆಯ ಬುತ್ತಿ ಉಣ್ಣಿಸಬೇಕು. ರಸ್ತೆಯಲ್ಲಿ ಹೋದರೆ ಕಲಾದಗಿ ಕಡೆಯಿಂದ ದೊಡ್ಡ ಸುತ್ತು. ದೋಣಿಯಲ್ಲಾದರೆ ಹೋಳಿಗೆ ಆರುವ ಮೊದಲೇ ಮುಟ್ಟಬಹುದು. "ನಮ್ಮ ಅಳಿಯಂದ್ರು ದೋಣಿ ಸಾಹೇಬ್ರು ಇರುವಾಗ ನಾವ್ಯಾಕ ಟಂಟಂನಾಗ ಕುಲುಕ್ಯಾಡಿ ಹೋಗೂದು?" ಎಂದು ಅತ್ತೆಯವರು ಫೋನಿನಲ್ಲೇ ತೀರ್ಮಾನ ಕೊಟ್ಟರು. ನಾನು ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಹಾಗಾಗಿ ಒಪ್ಪಿಕೊಂಡೆ. ಆ ದಾರಿಗೆ ದೋಣಿ ಬಿಡುವವರು ಹಸನಸಾಬರು. ಅವರ ಕಬ್ಬಿಣದ ದೋಣಿ ತಪಾಸಣೆಗೂ ಅದೇ ವಾರ ಬಂದಿತ್ತು. ಶಾಂತಾ ಒಂದೇ ಮಾತು ಕೇಳಿದಳು: "ರೀ, ಅದರಾಗ ನಮ್ಮವ್ವ ಕುಂದರಾಕಿ ಇದ್ದಾಳ. ನೀವು ಛಂದಂಗ ನೋಡ್ತೀರಿಲ್ಲೋ?"

ನನ್ನ ನೌಕರಿಯ ಜೀವಮಾನದಲ್ಲಿ ಯಾವ ದೋಣಿಯನ್ನೂ ನಾನು ಅಷ್ಟು ಕಣ್ಣಿಟ್ಟು ನೋಡಿರಲಿಲ್ಲ. ಸುತ್ತಿಗೆಯಿಂದ ತಗಡನ್ನೆಲ್ಲ ಕುಟ್ಟಿ ನೋಡಿದೆ. ತಳದಲ್ಲಿ ಒಂದು ಕಡೆ ತೆಳುವಾಗಿದೆ ಎಂದು ವೆಲ್ಡಿಂಗ್ ಹಾಕಿಸಿದೆ. ಮಂದಿಯ ಬದಲು ಉಸುಕಿನ ಚೀಲ ಪೇರಿಸಿ ಎಷ್ಟು ತೂಕಕ್ಕೆ ಎಷ್ಟು ಇಳಿಯುತ್ತದೆ ಎಂದು ನೋಡಿದೆ. ಹಸನಸಾಬರು ಬೆವರು ಒರೆಸಿಕೊಳ್ಳುತ್ತ, "ಸಾಹೇಬ್ರ, ಇದು ದೋಣಿರಿ, ನಿಮ್ಮ ಮಗಳಿಗೆ ನೋಡಾಕ ಬಂದ ವರ ಅಲ್ಲ" ಎಂದರು. ಕಡೆಗೆ ಬಿಳಿ ಪೇಂಟು ತಂದು ದೋಣಿಯ ಎರಡೂ ಪಕ್ಕ, ಮೂಗಿನ ಹತ್ತಿರ, ಒಂದೊಂದು ಅಡ್ಡಗೆರೆ ಎಳೆದೆ. ಅದು ಭಾರದ ಗೆರೆ. ನೀರು ಆ ಗೆರೆ ಮುಟ್ಟಿತೆಂದರೆ ಮುಂದೆ ಒಂದು ಕೋಳಿಯನ್ನೂ ಹತ್ತಿಸಕೂಡದು. ಪಾದ ಮುಳುಗುವ ನೀರಿನಲ್ಲಿ ನಿಂತು, ಒಂದು ಕಣ್ಣು ನೀರಿನ ಮೇಲಿಟ್ಟು ಎಳೆದದ್ದರಿಂದ ಗೆರೆ ನಡುವೆ ಸ್ವಲ್ಪ ಸೊಟ್ಟಗಾಯಿತು. ಪೇಂಟಿನ ಡಬ್ಬಿಯನ್ನು ಅಲ್ಲೇ ಹಸನಸಾಬರ ಗುಡಿಸಲಿನಲ್ಲಿ ಬಿಟ್ಟು ಬಂದೆ. ಆ ಡಬ್ಬಿಯನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಕುಬಸದ ಹಿಂದಿನ ದಿನ ಅತ್ತೆಯವರು ಇಳಕಲ್ಲಿನಿಂದ ಬಳಗ ಕಟ್ಟಿಕೊಂಡು ಬಂದಿಳಿದರು. ಬುಟ್ಟಿಗಟ್ಟಲೆ ಹೋಳಿಗೆ, ಕರ್ಚಿಕಾಯಿ, ಸಜ್ಜೆ ರೊಟ್ಟಿ. ಅವುಗಳ ಜೊತೆಗೆ ಗಿರಿಜಾಳ ಅಡುಗೆಮನೆಯ ಕಟ್ಟೆಗೆಂದು ಪಾಲಿಶ್ ಮಾಡಿದ ಕೆಂಪು ಕಲ್ಲಿನ ಒಂದು ಹಾಸು. ಬೇರೆ ಊರಿನವರು ಬಸುರಿಗೆ ಹಣ್ಣು ಒಯ್ಯುತ್ತಾರೆ, ಇಳಕಲ್ಲಿನವರು ಕಲ್ಲು ಒಯ್ಯುತ್ತಾರೆ. ಸಂಜೆ ಹೆಂಗಸರೆಲ್ಲ ಹೊಳೆಗೆ ಉಡಿ ತುಂಬಿ ದೋಣಿಗೆ ಪೂಜೆ ಮಾಡಿ ಬರುತ್ತೇವೆಂದು ದಂಡೆಗೆ ಹೋದರು. ನಾನು ಹೋಗಲಿಲ್ಲ. ಮರುದಿನ ಹೇಗೂ ನೀರು ನೋಡಬೇಕಲ್ಲ, ಇವತ್ತೊಂದು ದಿನವಾದರೂ ನೆಮ್ಮದಿಯಾಗಿರೋಣ ಎಂದು ಮನೆಯಲ್ಲೇ ಉಳಿದೆ.

ಬೆಳಿಗ್ಗೆ ದೋಣಿ ಹತ್ತುವಾಗ ತಪಾಸಣೆ ಸಾಹೇಬ ಮಾಡಬೇಕಾದ ಮೊದಲ ಕೆಲಸ ಗೆರೆ ನೋಡುವುದು. ಆ ಸಾಹೇಬ ಮಾಡಿದ್ದೇನೆಂದರೆ ನೀರಿನ ಕಡೆ ನೋಡದೆ, ಹಲಗೆಯ ಮೇಲೆ ಕಣ್ಣು ನೆಟ್ಟು, ಸೀದಾ ಹೋಗಿ ನಟ್ಟನಡುವೆ ಕುಳಿತದ್ದು. ಜೀವರಕ್ಷಕ ಜಾಕೀಟು ತೊಡಿರೆಂದು ಎಲ್ಲರ ಹಿಂದೆ ಬಿದ್ದೆ. "ಕುಬಸಕ್ಕ ಹೊಂಟೀವೋ, ಯುದ್ಧಕ್ಕ ಹೊಂಟೀವೋ?" ಎಂದು ಗೊಣಗುತ್ತ ಹೆಂಗಸರು ಇಳಕಲ್ ಸೀರೆಯ ಮೇಲೆ ಅದನ್ನು ಕಟ್ಟಿಕೊಂಡರು. ಅತ್ತೆಯವರು ಮಾತ್ರ ತಮ್ಮದನ್ನು ಹೋಳಿಗೆ ಬುಟ್ಟಿಗೆ ಸುತ್ತಿ ಬಿಗಿದರು. "ನಾ ಮುದುಕಿ, ನನಗೇನಾದ್ರೂ ನಡಿತೈತಿ. ಹೋಳಿಗಿಗೆ ಏನರ ಆದ್ರ ಬೀಗರ ಮುಂದ ಮರ್ಯಾದಿ ಏನು?" ನಾನು ಇನ್ನೊಂದು ಜಾಕೀಟು ತರಿಸಿ ತೊಡಿಸಿದೆ. ಅಷ್ಟರಲ್ಲಿ ದೋಣಿ ಹೊರಟೇಬಿಟ್ಟಿತು.

ಅರ್ಧ ದಾರಿ ಹೋದ ಮೇಲೆ ಪಡುವಣ ಗಾಳಿ ಬೀಸಿತು. ಹೆಂಗಸರು ಸೋಬಾನೆ ಹಾಡು ಶುರು ಮಾಡಿದ್ದರು. ಹಾಡಿಗೆ ತಕ್ಕಂತೆ ಅತ್ತಿತ್ತ ತೂಗುತ್ತಿದ್ದರು. ಅವರ ಜೊತೆ ದೋಣಿಯೂ ತೂಗುತ್ತಿತ್ತು. ಒಂದು ಸಣ್ಣ ತೆರೆ ಅಂಚು ದಾಟಿ ಬಂದು ನನ್ನ ಬೂಟು ತೋಯಿಸಿತು. ಇಂಥ ಗಾಳಿಗೆ ಈ ದೋಣಿಯೊಳಗೆ ನೀರು ಬರಬಾರದು. ಅದನ್ನು ಅಳೆದವನು ನಾನೇ. ಧೈರ್ಯ ಮಾಡಿ ಅಂಚಿಗೆ ಸರಿದು ಬಗ್ಗಿ ನೋಡಿದೆ. ಬಿಳಿ ಗೆರೆ ನೀರಿನ ಮೇಲೆಯೇ ಇತ್ತು. ಉಸಿರು ಬಂತು. ಆಮೇಲೆ ನೋಡುತ್ತೇನೆ, ಅದರ ಕೆಳಗೆ, ನೀರಿನೊಳಗೆ, ಇನ್ನೊಂದು ಬಿಳಿ ಗೆರೆ. ಅದರ ಕೆಳಗೆ ಮಸುಕಾಗಿ ಮತ್ತೊಂದು. ಎಲ್ಲಕ್ಕಿಂತ ಕೆಳಗಿನ ಆ ಗೆರೆ ನಡುವೆ ಸೊಟ್ಟಗಿತ್ತು. ನಾನು ಎಳೆದದ್ದು ಅದು.

ನನಗೆ ಭಯವಾಯಿತು. ಬೇರೆಯವರಿಗಾಗಿ ಭಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ನನಗಾಗಿಯೇ ಆಯಿತು. ಆಮೇಲೆ ಶಾಂತಾಳ ಮುಖ ಕಂಡಿತು, ಅವಳ ಪಕ್ಕದಲ್ಲಿ ತಾಳ ಹಾಕುತ್ತ ಹಾಡುತ್ತಿದ್ದ ಅತ್ತೆಯವರು ಕಂಡರು. ದೋಣಿಯಲ್ಲಿ ಭಾರ ಹೆಚ್ಚಾಗಿದೆ ಎಂದು ಬಾಯಿಬಿಟ್ಟರೆ ಸಾಕು, ಇವರೆಲ್ಲ ಎದ್ದು ನಿಲ್ಲುತ್ತಾರೆ, ಎಲ್ಲರೂ ಒಂದೇ ಪಕ್ಕಕ್ಕೆ ಓಡುತ್ತಾರೆ, ಅಲ್ಲಿಗೆ ಮುಗಿಯಿತು. ಆ ಕಲ್ಲನ್ನಾದರೂ ನೀರಿಗೆ ನೂಕೋಣವೆಂದರೆ ಅದನ್ನು ಎತ್ತಲು ಗಂಡಸರೆಲ್ಲ ಒಂದೇ ಬದಿಗೆ ಬರಬೇಕು. ಬೇಕಾಗಿದ್ದದ್ದು ಒಂದೇ: ಎಲ್ಲರೂ ಅಲುಗಾಡದೆ ಕುಳಿತಿರುವುದು. ನಮ್ಮ ಬಳಗವನ್ನು ಅಲುಗಾಡದೆ ಕೂರಿಸುವುದು ಮದುವೆಯ ಫೋಟೋ ತೆಗೆಯುವವನಿಂದಲೂ ಆಗಿಲ್ಲ.

ಆಗ ನನ್ನ ಬಾಯಿಂದ ಒಂದು ಸುಳ್ಳು ಹೊರಬಿತ್ತು. ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. "ಅತ್ತೀ, ಹಾಡು ನಿಲ್ಲಸ್ರಿ. ಇಲ್ಲೇ ಕೆಳಗ ಮುಳುಗಡೆ ಆದ ಹಳೇ ಗುಡಿ ಐತಿ. ಅದರ ಮ್ಯಾಲೆ ಹೋಗುವಾಗ ಎಲ್ಲಾರೂ ಕೈ ಮುಗಿದು, ಮಾತಾಡದ, ಅಳಗ್ಯಾಡದ ಕುಂದರಬೇಕ್ರಿ. ಈ ಕಡೆ ಪದ್ಧತಿ." ಅತ್ತೆಯವರು ಥಟ್ಟನೆ ಹಾಡು ನಿಲ್ಲಿಸಿ, ಸೆರಗು ತಲೆಗೆಳೆದುಕೊಂಡು ಕೈ ಮುಗಿದರು. "ಎಲ್ಲಾರೂ ಸುಮ್ಮಕ ಕುಂದರ್ರಿ. ಮಿಸಕ್ಯಾಡಿದ್ರ ನೋಡ್ರಿ ಮತ್ತ" ಎಂದು ಸುತ್ತ ಒಂದು ನೋಟ ಹರಿಸಿದರು. ದೋಣಿ ಗಪ್ಪಾಯಿತು. ನಾನು ಹಿಂದಕ್ಕೆ ತಿರುಗಿ ಮೆಲ್ಲಗೆ, "ಹಸನಸಾಬ್ರ, ಮಷಿನ್ ಸಣ್ಣಗ ಮಾಡ್ರಿ. ಹಳೇ ರಸ್ತೆ ದಿಬ್ಬದ ಕಡೆ ತಿರುಗಿಸ್ರಿ" ಎಂದೆ. ಮುಳುಗಡೆಯಾದ ರಸ್ತೆಯ ಒಂದು ತುಣುಕು ನೀರು ಇಳಿದ ತಿಂಗಳುಗಳಲ್ಲಿ ಬೆನ್ನು ತೋರಿಸುತ್ತದೆ. ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾವ ದೋಣಿಯಲ್ಲಿ ಕುಳಿತರೂ ಕಾಲಿಡಲು ಹತ್ತಿರದ ನೆಲ ಯಾವುದೆಂದು ಹುಡುಕಿಟ್ಟುಕೊಳ್ಳುವುದು ನನ್ನ ಚಟ.

ದೋಣಿ ಆಮೆಯ ಹಾಗೆ ತಿರುಗಿತು. ತೆರೆ ಬಂದು ಅಂಚು ನೆಕ್ಕಿ ಹೋಗುತ್ತಿತ್ತು. ಒಮ್ಮೊಮ್ಮೆ ಬೊಗಸೆ ನೀರು ಒಳಗೂ ಬೀಳುತ್ತಿತ್ತು. ಶಾಂತಾ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಖರೆ ಹೇಳ್ರಿ, ಮುಳಗ್ತೀವೇನು?" ಎಂದು ಕೇಳಿದಳು. "ಇಲ್ಲ" ಎಂದೆ. "ನಿಮ್ಮ ಕೈ ಥಣ್ಣಗ ಆಗೇತಿ" ಎಂದಳು. ಅವಳ ಕೈಯನ್ನು ನಾನು ಯಾವಾಗ ಹಿಡಿದುಕೊಂಡಿದ್ದೆನೋ ನನಗೇ ಗೊತ್ತಿರಲಿಲ್ಲ. ಉಳಿದವರೆಲ್ಲ ಕೈ ಮುಗಿದಿದ್ದರು. ಇಲ್ಲದ ಗುಡಿಯ ದೇವರಿಗೆ ನಾನೂ ಮನಸ್ಸಿನಲ್ಲೇ ಕೈ ಮುಗಿದೆ, ನಂಬಿಕೆಯಿಂದಲೇ ಮುಗಿದೆ. ಎಷ್ಟೋ ಹೊತ್ತಿನ ಮೇಲೆ ದೋಣಿಯ ತಳ ಕರಕರ ಎಂದಿತು. ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಗಂಡಸರನ್ನೂ ಕಲ್ಲನ್ನೂ ದಿಬ್ಬದ ಮೇಲೆ ಇಳಿಸಿದ ಮೇಲೆ ದೋಣಿ ಎದ್ದು ನಿಂತಿತು. ಮೂರೂ ಗೆರೆ ಬಿಸಿಲಿಗೆ ಹೊಳೆದವು. ನನ್ನ ನಾಲಗೆ ಆಗ ಸಡಿಲವಾಯಿತು. "ಹಸನಸಾಬ್ರ, ನಾ ಎಳದಿದ್ದು ಒಂದ ಗೆರಿ. ಮೂರ ಹೆಂಗಾದ್ವು? ನೀವು ಕಣ್ಣ ಮುಚ್ಚಿ ಮಂದಿ ತುಂಬಿದ್ರೇನು?" ಹಸನಸಾಬರು ಗಾಬರಿಯಾಗಿ, "ಮುಂಜಾನೆ ನೋಡಿದ್ರ ಮ್ಯಾಲೆ ಎರಡ ಗೆರಿ ಹೊಸಾವು ಇದ್ವುರಿ. ನಿಮ್ಮ ಮಂದಿ ಹೊಂಟಾರ ಅಂತ ನೀವ ಬಂದು ಜಾಸ್ತಿ ಭಾರಕ್ಕ ಗೆರಿ ಕೊಟ್ಟು ಹೋಗೀರಿ ಅಂತ ತಿಳಕೊಂಡ್ನಿರಿ. ಸಾಹೇಬ್ರ ಬೀಗರು ಅಂದ್ರ ಅಷ್ಟರ ನಡೀತೈತಲ್ರಿ" ಎಂದರು. ನನ್ನ ನೌಕರಿಯ ಬಗ್ಗೆ ಊರಿನ ಅಭಿಪ್ರಾಯ ಏನೆಂದು ನನಗೆ ಹೀಗೆ ತಿಳಿಯಿತು.

"ಅವರಿಗ್ಯಾಕ ಬೈತೀರಿ? ಗೆರಿ ಎಳದಾಕಿ ನಾನು" ಎಂದು ದೋಣಿಯೊಳಗಿಂದ ಅತ್ತೆಯವರ ಧ್ವನಿ ಬಂತು. "ನಿನ್ನೆ ಪೂಜಿಗೆ ಬಂದಾಗ ನೋಡಿದ್ನಿ. ದೋಣಿಗೆ ಇಬತ್ತಿ ಬರದಾವರು ಒಂದ ಗೆರಿ ಎಳದು ಅರ್ಧಕ್ಕ ಬಿಟ್ಟಿದ್ರು. ಅದೂ ಸೊಟ್ಟ. ಯಾವ ಕೈಗೇಡಿ ಎಳದಿದ್ನೋ. ಶುಭಕಾರ್ಯಕ್ಕ ಹೋಗೂ ದೋಣಿ, ಅರ್ಧ ಇಬತ್ತಿ ಇದ್ರ ಹೆಂಗ? ದೋಣಿಯವ್ರು ಇರಲಿಲ್ಲ, ಗುಡಿಸಲಾಗ ಡಬ್ಬಿ ಇತ್ತು, ಎರಡೂ ಕಡೆ ಮೂರ ಗೆರಿ ಪೂರಾ ಮಾಡಿದ್ನಿ." ಅವರ ಮುಖದಲ್ಲಿ ದೋಣಿಯ ವಿಭೂತಿ ಪೂರ್ತಿ ಮಾಡಿ ಪುಣ್ಯ ಕಟ್ಟಿಕೊಂಡ ಸಮಾಧಾನವಿತ್ತು. ಕೈಗೇಡಿ ಯಾರೆಂದು ಶಾಂತಾಳಿಗೆ ತಿಳಿಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ನಾನು ವಿಚಾರಿಸಲಿಲ್ಲ.

ದೋಣಿ ಹೆಂಗಸರನ್ನು ದಾಟಿಸಿ, ಮರಳಿ ಬಂದು ನಮ್ಮನ್ನು ಒಯ್ಯುವವರೆಗೆ ನಾನು ಆ ಕೆಂಪು ಕಲ್ಲಿನ ಮೇಲೆ ಕುಳಿತಿದ್ದೆ. ಕುಬಸ ಸಾಂಗವಾಯಿತು. ಬೀಗರ ಮುಂದೆ ಅತ್ತೆಯವರು, "ದೇವರಂಥ ಅಳಿಯ. ಗುಡಿ ಮ್ಯಾಲೆ ದೋಣಿ ಭಾರ ಹಾಕಬಾರದಂತ ತಾನ ಇಳದು ಹಿಂದ ಉಳದ" ಎಂದು ಹೊಗಳಿದರು. ಸಂಜೆ ಎರಡು ಸರದಿಯಾಗಿ ಮರಳುವಾಗ ಅವರು ಅದೇ ಜಾಗದಲ್ಲಿ ಎಲ್ಲರನ್ನೂ ಸುಮ್ಮನೆ ಕೂರಿಸಿ ಕೈ ಮುಗಿಸಿದರು. ಈಗ ಹಸನಸಾಬರ ದೋಣಿಯಲ್ಲಿ ಅದು ನಡೆದುಕೊಂಡು ಬಂದ ಪದ್ಧತಿ. ನಾನು ತಡೆಯಲು ಹೋಗಿಲ್ಲ. ಅಷ್ಟು ಹೊತ್ತಾದರೂ ಜನ ಅಲುಗಾಡದೆ ಕೂರುತ್ತಾರೆ. ಭಾರದ ಗೆರೆಯನ್ನು ಮಾತ್ರ ಹಸಿರು ಬಣ್ಣಕ್ಕೆ ಬದಲಾಯಿಸಿದ್ದೇನೆ.

ತೊಂದರೆಯಾಗಿರುವುದು ನನಗೆ. ಮುಂಜಾನೆ ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತು ವಿಭೂತಿ ಹಚ್ಚಿಕೊಳ್ಳಲು ಮೂರು ಬೆರಳು ಹಣೆಗೊಯ್ದರೆ ಎರಡು ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಒಂದೇ ಗೆರೆ ಮೂಡುತ್ತದೆ, ಅದೂ ಸೊಟ್ಟಗೆ. ಶಾಂತಾ ಅಡುಗೆಮನೆಯಿಂದ ಬಂದು, "ಅರ್ಧಕ್ಕ ಬಿಡಬಾರದ್ರಿ" ಎಂದು ಉಳಿದ ಎರಡು ಗೆರೆಯನ್ನು ತಾನೇ ಎಳೆಯುತ್ತಾಳೆ. ಎಳೆಯುತ್ತಲೇ ಅಂದಿನ ಕೆಲಸಗಳನ್ನು ಹೇರುತ್ತಾಳೆ: ಗ್ಯಾಸು, ಸಂತೆ, ಗಿರಿಜಾಳ ಬಾಣಂತನಕ್ಕೆಂದು ನಮ್ಮಲ್ಲಿಗೇ ಬಂದು ಕುಳಿತಿರುವ ಅವ್ವನಿಗೆ ಗುಳಿಗೆ. ನಾನು ಹಣೆ ಒಡ್ಡಿ ನಿಂತಿರುತ್ತೇನೆ. ಈ ಭಾಗದ ದೋಣಿಗಳಿಗೆಲ್ಲ ಇಷ್ಟೇ ಭಾರ, ಇದರ ಮೇಲೆ ಬೇಡ ಎಂದು ಗೆರೆ ಎಳೆದವನು ನಾನು. ನನ್ನ ಮೇಲೆ ಎಳೆಯುವವರು ಮಾತ್ರ ಯಾವಾಗಲೂ ಎರಡು ಗೆರೆ ಮೇಲಕ್ಕೇ ಎಳೆಯುತ್ತಾರೆ.