ಕಾಡಿನ ಮಣ್ಣು, ಉರಿಯುವ ನೀರು

ಸಂಜೆ ಐದು ಗಂಟೆ ಹತ್ತು ನಿಮಿಷ. ಗಡಿಯಾರದ ಮುಳ್ಳುಗಳು ಆ ಜಾಗಕ್ಕೆ ಬಂದರೆ ಇಂದಿಗೂ ನನ್ನ ಮೂಗು ತಾನಾಗಿ ಹೊಗೆ ಹುಡುಕುತ್ತದೆ. ಬಿ.ಎಸ್ಸಿ. ಓದಿದವರಿಗೆ ಭಯ ಕಡಿಮೆ ಎನ್ನುವವರು ನನ್ನನ್ನು ನೋಡಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ಹೊಳೆನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ಕೊಬ್ಬರಿ ವ್ಯಾಪಾರದ ಜೈನರೊಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದೆ. ನನ್ನ ತಲೆಯ ಮೇಲಿನ ಅಟ್ಟದಲ್ಲಿ ಅವರ ವರ್ಷದ ಕೊಬ್ಬರಿಯೆಲ್ಲ ಇತ್ತು. ಮಲ್ಲಿಪಟ್ಟಣದ ಆಚೆ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸುಗಳಿಗಾಗಿ ಮರ ಕಡಿಯುತ್ತಿದ್ದರು. ಅಲ್ಲಿಯ ಮಣ್ಣು ಇನ್ನೂ ಆರೋಗ್ಯವಾಗಿದೆಯೇ ಎಂದು ತಿಳಿಯುವ ಹುಚ್ಚು ನನಗೆ. ತಗಡಿನ ಆಲಿಕೆಯಲ್ಲಿ ಜರಡಿಯಿಟ್ಟು, ಒಣ ತರಗೆಲೆ ಬೆರೆತ ಮಣ್ಣು ತುಂಬಿ, ಮೇಲೆ ಲಾಂದ್ರ ತೂಗುಹಾಕಿದರೆ, ಸಾಸಿವೆಗಿಂತ ಸಣ್ಣ ಹುಳಗಳು ಬಿಸಿಗೆ ಹೆದರಿ ಕೆಳಗಿನ ಶೀಸೆಗೆ ಬೀಳುತ್ತವೆ. ಬಗೆಬಗೆಯವು ಬಿದ್ದರೆ ಮಣ್ಣು ಚೆನ್ನಾಗಿದೆಯೆಂದು ಅರ್ಥ. ಶೀಸೆಯಲ್ಲಿದ್ದದ್ದು ಸ್ಪಿರಿಟ್ಟು, ಬಿದ್ದ ಹುಳ ಅದರಲ್ಲೇ ಸಾಯುತ್ತಿತ್ತು. ಆದರೆ ಮನೆಯಾಕೆ ಚಂದ್ರಮ್ಮನವರು ಬಾವಿನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವವರು. ಅವರು ಕೇಳಿದಾಗ 'ಬರೀ ನೀರು' ಎಂದುಬಿಟ್ಟಿದ್ದೆ.

ಆ ಮನೆಯಲ್ಲಿ ಹೊತ್ತು ಮುಳುಗುವ ಮುನ್ನವೇ ಊಟ. ಒಂದು ದಿನ ಐದು ಗಂಟೆಗೆ, ಹುಳಗಳು ಬೇಗ ಇಳಿಯಲೆಂದು ಲಾಂದ್ರವನ್ನು ಎರಡಂಗುಲ ತಗ್ಗಿಸಿ ಹೋಗಿ ಎಲೆಯ ಮುಂದೆ ಕುಳಿತೆ. ವಾಸನೆ ಬಂದು ಓಡಿದಾಗ, ಉರಿಯುವ ತರಗು ಶೀಸೆಗೆ ಬಿದ್ದು, ಶೀಸೆ ಸೀಳಿ, ನೀಲಿ ಬೆಂಕಿ ನೆಲದ ಮೇಲೆ ಅಟ್ಟದ ಏಣಿಯ ಕಡೆಗೆ ಹರಿಯುತ್ತಿತ್ತು. ಮುಂದೆ ನೆನಪಿರುವುದು, ನಾನು ಬೀದಿಯಲ್ಲಿ ನಿಂತಿದ್ದೆ. ಬಿಸಿಗೆ ಹೆದರಿ ಓಡುವವರನ್ನು ಅಷ್ಟು ದಿನ ಎಣಿಸಿದ್ದು ವ್ಯರ್ಥವಾಗಿರಲಿಲ್ಲ.

ಬೆಂಕಿ ಆರಿಸಿದ್ದು ಚಂದ್ರಮ್ಮನವರು. ನಾನು ಕಾಡಿನಿಂದ ತಂದು ಮೂಲೆಯಲ್ಲಿಟ್ಟಿದ್ದ ಹಸಿ ಮಣ್ಣಿನ ಮೂಟೆಯನ್ನು ಅದರ ಮೇಲೆ ಸುರಿದುಬಿಟ್ಟಿದ್ದರು. ನಾನು ಮೆಲ್ಲಗೆ ಒಳಗೆ ಬಂದಾಗ ಮಸಿ ಹಿಡಿದ ಕೈಯಲ್ಲಿ ಶೀಸೆಯ ಕತ್ತು ಹಿಡಿದುಕೊಂಡಿದ್ದರು.

"ಮೇಷ್ಟ್ರೇ, ನಿಮ್ ನೀರು ಅದೆಂಗೆ ಉರೀತು?"

ಯಜಮಾನರು ಕೋಣೆ ಖಾಲಿಮಾಡಿ ಎಂದರು. ಆಕೆ ಮಣ್ಣನ್ನೇ ನೋಡುತ್ತಿದ್ದರು. "ಓಗ್ಲಿ ಬುಡಿ. ಮನೆ ಉಳ್ಸಿದ್ದು ಈ ಮಣ್ಣೇ" ಎಂದು ಗಂಡನಿಗೆ ಹೇಳಿ ನನ್ನತ್ತ ತಿರುಗಿದರು. "ಇದ್ರೊಳ್ಗೆ ಇನ್ನೂ ಜೀವ ಅವೆ. ಎಲ್ಲಿಂದ ತಂದ್ರೋ ಅಲ್ಗೇ ಬುಟ್ಬನ್ನಿ."

ಆ ವಾರ ಯಾರಿಗೂ ನಿದ್ದೆಯಿಲ್ಲ. ಯಜಮಾನರು ಎದ್ದೆದ್ದು ಹೋಗಿ ಕೊಬ್ಬರಿ ಮುಟ್ಟಿ ನೋಡುತ್ತಿದ್ದರು. ನಾನು ನೆಲ ಮುಟ್ಟಿ ನೋಡುತ್ತಿದ್ದೆ. ಭಾನುವಾರ ಮೂಟೆ ಹೊತ್ತು ಬಸ್ಸು ಹತ್ತಿದೆ. "ಕಾಡ್ಗೆ ಮಣ್ ಒಯ್ತಿರೋರು ನೀವೊಬ್ರೇ ಕಣ್ ಸಾ" ಎಂದ ಕಂಡಕ್ಟರು. ಮೊದಲು ಅಗೆದಿದ್ದ ಮರದ ಬುಡದಲ್ಲೇ ಸುರಿದು ಬಂದೆ. ಯಾವ ಮರವೆಂದು ಚಂದ್ರಮ್ಮನವರು ಕೇಳಿದರು. ಈ ಸಲ ನಿಜ ಹೇಳಿದೆ.

ಆ ರಾತ್ರಿ ಮನೆಯವರೆಲ್ಲ ಬೆಳಗಿನವರೆಗೆ ನಿದ್ದೆ ಮಾಡಿದರು. ನಾನೂ ಮಾಡಿದೆ, ಬೀದಿ ಬಾಗಿಲಿಗೆ ಒತ್ತಿ ಹಾಸಿಗೆ ಹಾಸಿಕೊಂಡು.